ಯಾರೂ ಕೇಳದ ಮಾತು

ಕಲಬುರಗಿ ಜಿಲ್ಲೆಯ ಗುಂಡಗುರ್ತಿಯಂಥ ಊರಿನಲ್ಲಿ ಎಂದಾದರೊಂದು ಕೊಲೆ ನಡೆದುಹೋದರೆ, ಹೊಡೆದವನು ಯಾರೆಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗುವ ಮೊದಲೇ ಹೊಡೆಸಿದವರು ಯಾರೆಂಬ ಪ್ರಶ್ನೆ ಕಟ್ಟೆಯ ಮೇಲೆ ಬಂದು ಕುಳಿತಿರುತ್ತದೆ. ಹೊಲದ ಬದುವಿನ ಹಳೆಯ ತಕರಾರು, ಫರಸಿ ಗಣಿಯ ಲೆಕ್ಕದಲ್ಲಿ ಬಿದ್ದ ವೈಮನಸ್ಯ, ಪಂಚಾಯಿತಿ ಚುನಾವಣೆಯಲ್ಲಿ ಹುಟ್ಟಿ ಆರದೆ ಉಳಿದ ಹಗೆ, ಮನೆತನಕ್ಕೆ ಒಪ್ಪಿಗೆಯಾಗದ ಮದುವೆ, ಇವುಗಳಲ್ಲಿ ಯಾವುದಾದರೊಂದು ಜನರ ನೆನಪಿಗೆ ಬರುತ್ತದೆ. ಬಂದೊಡನೆ, ಠಾಣೆಯಲ್ಲಿ ಬರೆಸಿಕೊಡುವ ಫಿರ್ಯಾದಿಯಲ್ಲಿ ಕೈಯೆತ್ತಿದವನ ಹೆಸರಿನ ಹಿಂದೆ ಅವನ ಅಣ್ಣತಮ್ಮಂದಿರು, ಅಳಿಯ, ಒಟ್ಟಿಗೆ ಕುಳಿತು ಚಹಾ ಕುಡಿದ ಗೆಳೆಯ, ಹೀಗೆ ಹೆಸರುಗಳ ಸಾಲು ಬೆಳೆದು, ಕಟ್ಟಕಡೆಗೆ “ಇವರೆಲ್ಲರೂ ಕೂಡಿ ಮಸಲತ್ತು ಮಾಡಿ” ಎಂಬ ಒಂದೇ ವಾಕ್ಯದಿಂದ ಆ ಸಾಲಿಗೆ ಗಂಟು ಬೀಳುತ್ತದೆ. ಇದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸೀಮೆಗೆ ಮಾತ್ರ ವಿಶೇಷವಾದ ರೂಢಿಯೇನೂ ಅಲ್ಲ. ನಾಡಿನ ಯಾವ ಮೂಲೆಗೆ ಹೋದರೂ ಕಾಣತಕ್ಕದ್ದೇ. ಆದರೆ ಆ ಒಂದು ವಾಕ್ಯದ ಭಾರವೆಷ್ಟು, ಅದನ್ನು ಹೊರಿಸಿದವರು ನ್ಯಾಯಸ್ಥಾನದಲ್ಲಿ ಏನನ್ನು ಸಾಧಿಸಿ ತೋರಿಸಬೇಕು, ಹೊತ್ತವನಿಗೆ ಪ್ರತಿವಾದದ ಮಾರ್ಗಗಳು ಯಾವುವು ಎಂಬುದನ್ನು ಅರಿಯದೆಯೇ ಬಹುಮಂದಿ ವರ್ಷಾನುಗಟ್ಟಲೆ ತಾರೀಖಿಗೆ ಅಲೆಯುತ್ತಿರುವುದರಿಂದ, ಈ ವಿಷಯವನ್ನು ಸ್ವಲ್ಪ ಸಾವಧಾನವಾಗಿ ನೋಡುವುದು ಉಚಿತ.

2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 61ನೆಯ ಕಲಮಿನಲ್ಲಿ ಅಪರಾಧಿಕ ಒಳಸಂಚಿನ ಲಕ್ಷಣವನ್ನು ಹೇಳಿದೆ: ಇಬ್ಬರು ಅಥವಾ ಹೆಚ್ಚು ಮಂದಿ ಸಮಾನವಾದ ಉದ್ದೇಶದಿಂದ ಕಾನೂನುಬಾಹಿರ ಕಾರ್ಯವೊಂದನ್ನು ಮಾಡಲು ಅಥವಾ ಮಾಡಿಸಲು ಒಪ್ಪಿಕೊಂಡರೆಂದರೆ ಒಳಸಂಚು ಸಿದ್ಧವಾಯಿತು. ಒಪ್ಪಿಕೊಂಡ ಕಾರ್ಯವು ಕೊಲೆಯಂಥ ಅಪರಾಧವೇ ಆಗಿದ್ದಲ್ಲಿ, ಆ ಒಪ್ಪಂದದ ಬೆನ್ನಿಗೆ ಯಾರೂ ಒಂದು ಹೆಜ್ಜೆಯನ್ನೂ ಇಡದಿದ್ದರೂ, ಕತ್ತಿಯನ್ನು ಮಸೆಯದಿದ್ದರೂ, ಸುಪಾರಿಯ ಹಣ ಕೈಯಿಂದ ಕೈಗೆ ದಾಟದಿದ್ದರೂ, ಒಪ್ಪಿದ್ದೇ ಅಪರಾಧ. ಒಬ್ಬನೇ ತನ್ನ ಮನಸ್ಸಿನಲ್ಲಿ ಮತ್ತೊಬ್ಬನ ಸಾವನ್ನು ನೂರು ಬಾರಿ ಚಿಂತಿಸಿದರೂ ದಂಡನೆಗೆ ಗುರಿಯಾಗುವುದಿಲ್ಲ; ಆ ಚಿಂತನೆಗೆ ಇನ್ನೊಬ್ಬನ ಸಮ್ಮತಿ ಬಂದು ಕೂಡಿದ ಕ್ಷಣದಲ್ಲಿ ಕಾನೂನು ಒಳಗೆ ಪ್ರವೇಶಿಸುತ್ತದೆ. ಕೊಲೆ ನಡೆದೇಹೋದರೆ ಸಂಚುಗಾರನಿಗೂ, 103ನೆಯ ಕಲಮಿನ ಅನ್ವಯ, ಕೊಂದವನಿಗೆ ಸಲ್ಲುವ ಮರಣದಂಡನೆ ಅಥವಾ ಆಜೀವ ಕಾರಾವಾಸವೇ ಸಲ್ಲುತ್ತದೆ. ಕೊಲೆ ನಡೆಯದೆ ಸಂಚು ಸಂಚಾಗಿಯೇ ಉಳಿದಲ್ಲಿ ದುಷ್ಪ್ರೇರಣೆಯ ನಿಯಮಗಳಂತೆ ಏಳು ವರ್ಷದವರೆಗೂ, ಆ ಸಂಚಿನ ಫಲವಾಗಿ ಯಾರಿಗಾದರೂ ಗಾಯವಾದಲ್ಲಿ ಹದಿನಾಲ್ಕು ವರ್ಷದವರೆಗೂ ಸೆರೆವಾಸವನ್ನು ವಿಧಿಸಬಹುದಾಗಿದೆ. 2024ರ ಜುಲೈ 1ಕ್ಕಿಂತ ಮೊದಲು ನಡೆದ ಕೃತ್ಯವಾದರೆ ಹಳೆಯ ದಂಡಸಂಹಿತೆಯ 120-ಬಿ ಮತ್ತು 302ನೆಯ ಕಲಮುಗಳೇ ಅನ್ವಯಿಸುತ್ತವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ವಿಚಾರಣೆ ಎಷ್ಟೇ ತಡವಾಗಿ ನಡೆಯಲಿ, ಕೃತ್ಯ ನಡೆದ ದಿನದ ಕಾನೂನೇ ಅದಕ್ಕೆ ಅಳತೆಗೋಲು.

ಈ ಕಲಮಿಗೂ ಒಂದು ಚರಿತ್ರೆಯುಂಟು. 1860ರ ದಂಡಸಂಹಿತೆಯು ಮೊದಲು ರಚಿತವಾದಾಗ, ಇಂದಿನ ರೂಪದ ಸ್ವತಂತ್ರವಾದ ಒಳಸಂಚಿನ ಅಪರಾಧ ಅದರಲ್ಲಿ ಇರಲಿಲ್ಲ. 1912ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ವೈಸರಾಯ್ ಹಾರ್ಡಿಂಜನ ಮೇಲೆ ಬಾಂಬು ಬಿದ್ದು, ಅದರ ಬೆನ್ನಿಗೇ, 1913ರಲ್ಲಿ, 120-ಎ ಮತ್ತು 120-ಬಿ ಕಲಮುಗಳು ಸಂಹಿತೆಯೊಳಕ್ಕೆ ಸೇರಿದುವು. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಈ ಸೀಮೆಗಾದರೋ ಆ ಸಂಹಿತೆಯೇ ಅನ್ವಯಿಸುತ್ತಿರಲಿಲ್ಲ. ಹೈದರಾಬಾದು ಸಂಸ್ಥಾನದ ದಂಡಸಂಹಿತೆ ಬೇರೆಯೇ ಇತ್ತು. ಸಂಸ್ಥಾನವು ಭಾರತದಲ್ಲಿ ವಿಲೀನವಾಗಿ, 1951ರ ಏಪ್ರಿಲ್ 1ರಂದು ಭಾರತದ ದಂಡಸಂಹಿತೆ ಮತ್ತು ಸಾಕ್ಷ್ಯ ಅಧಿನಿಯಮಗಳು ಇತ್ತ ವಿಸ್ತರಿಸಿದ ಮೇಲೆಯೇ ಸೇಡಮ್ಮಿನ ವಕೀಲನೂ ಬೆಂಗಳೂರಿನ ವಕೀಲನೂ ಒಂದೇ ಪುಸ್ತಕವನ್ನು ಕೈಯಲ್ಲಿ ಹಿಡಿಯುವಂತಾದುದು. ಪರಕೀಯ ಸರಕಾರವು ತನ್ನ ಶತ್ರುಗಳಿಗಾಗಿ ಹೆಣೆದ ಬಲೆಯನ್ನು ಸ್ವತಂತ್ರ ಭಾರತವು ಬಿಚ್ಚದೆ ಹಾಗೆಯೇ ಇಟ್ಟುಕೊಂಡದ್ದು, ಅಷ್ಟೇಕೆ, ಹೊಸ ಸಂಹಿತೆಯಲ್ಲಿಯೂ ಬಹುಮಟ್ಟಿಗೆ ಅದೇ ಮಾತುಗಳಲ್ಲಿ ಮುಂದುವರಿಸಿದ್ದು, ಯೋಚಿಸತಕ್ಕ ವಿಚಾರ. ಆದರೆ ಪರರನ್ನು ಮುಂದೆ ಬಿಟ್ಟು ತಾನು ಮರೆಯಲ್ಲಿ ನಿಂತು ಕೊಲ್ಲಿಸುವವನನ್ನು ಹಿಡಿಯಲು ಇಂಥದೊಂದು ಬಲೆ ಬೇಕೆಂಬುದನ್ನೂ ಒಪ್ಪಬೇಕಾಗುತ್ತದೆ.

ತೊಡಕಿರುವುದು ಲಕ್ಷಣದಲ್ಲಿ ಅಲ್ಲ, ಸಾಕ್ಷ್ಯದಲ್ಲಿ. ಕೊಲೆಗೆ ಒಪ್ಪಿಕೊಳ್ಳುವ ಮಾತನ್ನು ಯಾರೂ ಸಂತೆಯಲ್ಲಿ ನಿಂತು ಆಡುವುದಿಲ್ಲ. ಹೀಗಾಗಿ ಆ ಮಾತು ಆಡಲ್ಪಟ್ಟಿತೆಂಬುದನ್ನು, ಅದನ್ನು ಕೇಳದವರ ಬಾಯಿಂದ, ಕಂಡ ಅಕ್ಕಪಕ್ಕದ ಸಂಗತಿಗಳಿಂದ, ಊಹಿಸಿ ಸ್ಥಾಪಿಸಬೇಕಾಗುತ್ತದೆ. ಇಂದಿರಾ ಗಾಂಧಿಯವರ ಹತ್ಯೆಯ ಪ್ರಕರಣದಲ್ಲಿ ಈ ತೊಡಕು ತನ್ನ ಪೂರ್ಣರೂಪದಲ್ಲಿ ಕಾಣಿಸಿಕೊಂಡಿತು. ಗುಂಡು ಹಾರಿಸಿದ ಅಂಗರಕ್ಷಕ ಬೇಅಂತ ಸಿಂಗನ ಮನೆಗೆ, ಹತ್ಯೆಗೆ ಎರಡು ವಾರ ಮುಂಚೆ, 1984ರ ಅಕ್ಟೋಬರ್ 17ರಂದು, ಬಂಧುವಾದ ಕೇಹರ್ ಸಿಂಗ್ ಬಂದಿದ್ದನೆಂದೂ, ಇಬ್ಬರೂ ಮಾಳಿಗೆಯ ಮೇಲೆ ಹೋಗಿ ಕೆಲಹೊತ್ತು ಮಾತಾಡಿದರೆಂದೂ ಬೇಅಂತನ ಪತ್ನಿಯೇ ಸಾಕ್ಷಿ ನುಡಿದಳು. ಏನು ಮಾತಾಡಿದರೆಂಬುದು ಅವಳ ಕಿವಿಗೆ ಬಿದ್ದಿರಲಿಲ್ಲ. ಆ ಕೇಳದ ಮಾತಿನ ಜೊತೆಗೆ ಅಮೃತಸರದ ಯಾತ್ರೆಯೇ ಮೊದಲಾದ ಇತರ ಸಂಗತಿಗಳನ್ನು ಕೂಡಿಸಿ ಸರ್ವೋಚ್ಚ ನ್ಯಾಯಾಲಯವು 1988ರ ಆಗಸ್ಟಿನಲ್ಲಿ ಕೇಹರ್ ಸಿಂಗನ ಮರಣದಂಡನೆಯನ್ನು ಎತ್ತಿಹಿಡಿಯಿತು. ಅದೇ ತೀರ್ಪಿನಲ್ಲಿ, ಸಂಚಿನ ಆರೋಪ ಹೊತ್ತಿದ್ದ ಬಲಬೀರ್ ಸಿಂಗನನ್ನು ಸಾಕ್ಷ್ಯ ಸಾಲದೆಂದು ಬಿಡುಗಡೆ ಮಾಡಿತು. ಪೀಠದಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದು ಮೇಲೇರಿದ ಕೆ. ಜಗನ್ನಾಥ ಶೆಟ್ಟಿಯವರಿದ್ದರು. ಒಳಸಂಚು ಎಂಬುದು ರಹಸ್ಯದಲ್ಲಿ ಹುಟ್ಟತಕ್ಕದ್ದಾದ್ದರಿಂದ ನೇರವಾದ ಸಾಕ್ಷ್ಯವನ್ನು ಅಪೇಕ್ಷಿಸಲಾಗದು, ಆದರೂ ಒಪ್ಪಂದಕ್ಕೆ ಹೊರಗೆ ಕಾಣುವ ಏನಾದರೊಂದು ಲಕ್ಷಣ ಇರಲೇಬೇಕು ಎಂಬ ಅವರ ವಿವೇಚನೆ, ಆಮೇಲಿನ ನೂರಾರು ತೀರ್ಪುಗಳಿಗೆ ತಳಹದಿಯಾಯಿತು. ಕೇಹರ್ ಸಿಂಗನನ್ನು 1989ರ ಜನವರಿ 6ರಂದು ಗಲ್ಲಿಗೇರಿಸಿದರು. ಕಾನೂನಿನ ಸೂತ್ರವಾಗಿ ಶೆಟ್ಟಿಯವರ ಮಾತು ನಿರ್ದುಷ್ಟವಾದುದೆಂದು ಒಪ್ಪುತ್ತಲೇ, ಪ್ರಾಣಹರಣಕ್ಕೆ ಅಷ್ಟು ಆಧಾರ ಸಾಕಾಗಿತ್ತೆ ಎಂಬ ಸಂಶಯವನ್ನು ಇಟ್ಟುಕೊಂಡವರ ಪಂಕ್ತಿಯಲ್ಲಿ ನಾನೂ ಒಬ್ಬ.

ಮಾಳಿಗೆಯ ಮೇಲಿನ ಮಾತಿನ ಸ್ಥಾನದಲ್ಲಿ ಈಗ ದೂರವಾಣಿಯ ಮಾತು ಬಂದಿದೆ. ಬೆಂಗಳೂರಿನವರು ಇಂದಿಗೂ ರಿಂಗ್ ರೋಡ್ ಪ್ರಕರಣವೆಂದು ಕರೆಯುವ ಕೊಲೆ ನಡೆದದ್ದು 2003ರ ಡಿಸೆಂಬರ್ 3ರ ರಾತ್ರಿ. ನಿಶ್ಚಿತಾರ್ಥವಾಗಿ ಮೂರೇ ದಿನ ಕಳೆದಿದ್ದ ಒಬ್ಬ ತರುಣ ಎಂಜಿನಿಯರು ತಾನು ವರಿಸಲಿದ್ದ ಹುಡುಗಿಯೊಡನೆ ಊಟ ಮುಗಿಸಿ ಬರುವಾಗ, ವಿಮಾನಗಳು ಇಳಿಯುವುದನ್ನು ನೋಡೋಣವೆಂದು ಅವಳು ಹೇಳಿದ್ದರಿಂದ ರಸ್ತೆಯ ಬದಿಯಲ್ಲಿ ನಿಂತಿದ್ದ. ಹಿಂದಿನಿಂದ ಬಂದವನೊಬ್ಬ ಅವನ ತಲೆಗೆ ಉಕ್ಕಿನ ಸಲಾಕೆಯಿಂದ ಹೊಡೆದ. ಮರುದಿನ ಬೆಳಿಗ್ಗೆ ಅವನು ತೀರಿಕೊಂಡ. ಹೊಡೆತ ಬಿದ್ದಾಗ ಹುಡುಗಿ ಪಕ್ಕದಲ್ಲಿಯೇ ಇದ್ದಳು, ಅವಳ ಕೈಯಲ್ಲಿ ಆಯುಧವಿರಲಿಲ್ಲ. ಅವಳೇ ಮೊದಲಿಗೆ ನೊಂದವಳಾಗಿ ಎಲ್ಲರಿಗೂ ಕಂಡಳು. ತನಿಖೆಯು ತಿರುಗಿದ್ದು ಅವಳಿಗೂ ಅವಳ ಕಾಲೇಜಿನ ಗೆಳೆಯನಿಗೂ ನಡುವೆ ಆ ದಿನಗಳಲ್ಲಿ ಎಡೆಬಿಡದೆ ಹರಿದ ಕರೆಗಳ ದಾಖಲೆಯಿಂದ. ಅಲ್ಲಿಂದ ಇನ್ನಿಬ್ಬರ ಕಡೆಗೆ ದಾರಿ ತೆರೆಯಿತು. ನಾಲ್ವರಿಗೂ 2010ರಲ್ಲಿ ಆಜೀವ ಶಿಕ್ಷೆಯಾಯಿತು. ಉಚ್ಚ ನ್ಯಾಯಾಲಯವು ಅದನ್ನು ಸ್ಥಿರೀಕರಿಸಿತು. ಸರ್ವೋಚ್ಚ ನ್ಯಾಯಾಲಯದ ಎಂ.ಎಂ. ಸುಂದರೇಶ್ ಮತ್ತು ಅರವಿಂದ ಕುಮಾರ್ ಅವರ ಪೀಠವು 2025ರ ಜುಲೈ 14ರಂದು, ಎಂದರೆ ಕೃತ್ಯ ನಡೆದು ಇಪ್ಪತ್ತೊಂದು ವರ್ಷಗಳ ಮೇಲೆ, ಅದನ್ನೇ ಎತ್ತಿಹಿಡಿದು, ಬಲವಂತದ ವಿವಾಹನಿಶ್ಚಯವು ಒಂದು ಎಳೆಯ ಮನಸ್ಸಿನಲ್ಲಿ ಎಬ್ಬಿಸಿದ ಕ್ಷೋಭೆಯನ್ನು ಮರುಕದಿಂದ ಪ್ರಸ್ತಾಪಿಸಿ, ರಾಜ್ಯಪಾಲರಲ್ಲಿ ಕ್ಷಮೆ ಕೋರಲು ಅಪರಾಧಿಗಳಿಗೆ ಎಂಟು ವಾರಗಳ ಅವಕಾಶವನ್ನು ಕೊಟ್ಟಿತು. ಈ ಪ್ರಕರಣದಲ್ಲಿ ಗಮನಿಸತಕ್ಕದ್ದೇನೆಂದರೆ, ಕರೆಗಳ ದಾಖಲೆಯಲ್ಲಿ ಯಾರು, ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ಸಮಯ ಎಂಬುದೆಲ್ಲ ಇರುತ್ತದೆ. ಆಡಿದ ಮಾತು ಮಾತ್ರ ಇರುವುದಿಲ್ಲ. ದಾಖಲೆಯೊಂದೇ ಇದ್ದಿದ್ದರೆ ಅದು ಇಬ್ಬರು ಗೆಳೆಯರ ಸಲ್ಲಾಪವೆನಿಸಿ ಬಿಟ್ಟುಹೋಗಬಹುದಾಗಿತ್ತು. ಕರೆಗಳ ಸಮಯ, ವಾಹನ ನಿಂತ ಸ್ಥಳ, ವಶಪಡಿಸಿಕೊಂಡ ಆಯುಧ, ಇಷ್ಟೂ ಒಂದೇ ದಿಕ್ಕನ್ನು ತೋರಿಸಿದ್ದರಿಂದ, ಕೇಳದ ಮಾತಿನ ಅರ್ಥ ಖಚಿತವಾಯಿತು.

ಹಾಗಾದರೆ ಪ್ರತಿವಾದಿಯ ನೆಲೆ ಎಲ್ಲಿ? ಮಾತಾಡಿದರೆಂಬುದಕ್ಕೂ ಒಪ್ಪಿಕೊಂಡರೆಂಬುದಕ್ಕೂ ನಡುವೆ ಇರುವ ಅಂತರದಲ್ಲಿಯೇ ಅವನ ನೆಲೆ. ಗುಂಡಗುರ್ತಿಯ ಒಬ್ಬ ರೈತ, ಬದುವಿನ ಜಗಳದಲ್ಲಿ ರೋಸಿಹೋಗಿ, ನೆರೆಯವನನ್ನು ಮುಗಿಸಲು ವಾಡಿಯ ಕಡೆಯ ಒಬ್ಬನಿಗೆ ಹಣ ಕೊಟ್ಟನೆಂದು ಕಲ್ಪಿಸಿಕೊಳ್ಳೋಣ. ಆ ಹಣದ ಮಾತು ನಡೆದಾಗ ಅವನ ಅಳಿಯ ಹೋಟೆಲಿನ ಅದೇ ಬೆಂಚಿನ ಮೇಲೆ ಕುಳಿತು ಕೇಳಿಸಿಕೊಂಡು, ಬಾಯಿಬಿಡದೆ ಮನೆಗೆ ಹೋದ. ಒಬ್ಬ ಆಟೋದವನು ಕೊಲೆಗಾರನನ್ನು, ಅವನ ಉದ್ದೇಶವನ್ನು ಅರಿಯದೆ, ಬಾಡಿಗೆಗೆ ಹೊಲದ ದಾರಿಯವರೆಗೆ ಬಿಟ್ಟುಬಂದ. ಕೊಲೆಯಾದ ಮೇಲೆ ಶಹಾಬಾದಿನ ಒಬ್ಬ ಬಂಧು ಓಡಿಬಂದವನಿಗೆ ಎರಡು ರಾತ್ರಿ ಮಲಗಲು ಜಾಗ ಕೊಟ್ಟ. ಫಿರ್ಯಾದಿಯಲ್ಲಿ ಐವರ ಹೆಸರೂ ಒಂದೇ ಸಾಲಿನಲ್ಲಿರುತ್ತದೆ. ಕಾನೂನಿನ ಕಣ್ಣಿಗೆ ಮಾತ್ರ ಐವರೂ ಒಂದಲ್ಲ. ರೈತನೂ ಹಣ ತೆಗೆದುಕೊಂಡವನೂ ಸಂಚುಗಾರರು. ಆಟೋದವನಿಗೆ ಅರಿವೇ ಇಲ್ಲವಾದ್ದರಿಂದ ಅಪರಾಧವೂ ಇಲ್ಲ. ಶಹಾಬಾದಿನ ಬಂಧು, ವಿಷಯ ತಿಳಿದೇ ಆಶ್ರಯ ಕೊಟ್ಟಿದ್ದರೆ, ಅಪರಾಧಿಗೆ ಆಶ್ರಯ ಕೊಟ್ಟ ಬೇರೊಂದು ಅಪರಾಧಕ್ಕೆ ಹೊಣೆಯಾಗುತ್ತಾನೆಯೇ ಹೊರತು, ಸಂಚಿನ ಗುರಿ ಈಡೇರಿದ ಮೇಲೆ ಬಂದವನು ಅಷ್ಟರಿಂದಲೇ ಸಂಚಿನ ಭಾಗಿಯಾಗುವುದಿಲ್ಲ. ಎಲ್ಲಕ್ಕಿಂತ ಕಠಿನವಾದುದು ಆ ಅಳಿಯನ ಸಂಗತಿ. ಅವನಿಗೆ ಎಲ್ಲವೂ ಗೊತ್ತಿತ್ತು, ಅವನು ತಡೆಯಲಿಲ್ಲ, ಧರ್ಮದ ದೃಷ್ಟಿಯಿಂದ ನೋಡಿದರೆ ಅವನ ಮೌನ ಕ್ಷಮಿಸತಕ್ಕದ್ದಲ್ಲ. ಆದರೆ ಬರಿಯ ಅರಿವು ಸಮ್ಮತಿಯಲ್ಲವೆಂದೂ, ಸಂಚುಗಾರನ ಸಹವಾಸ ಮಾತ್ರದಿಂದ ಯಾರೂ ಸಂಚುಗಾರರಾಗುವುದಿಲ್ಲವೆಂದೂ ನಮ್ಮ ಅತ್ಯುನ್ನತ ನ್ಯಾಯಾಲಯವು ಹೇಳಿದೆ.

ಹೇಳಿದ್ದು ರಾಜೀವ ಗಾಂಧಿಯವರ ಹತ್ಯೆಯ ಪ್ರಕರಣದಲ್ಲಿ. ಆ ಸಂಚಿನ ಸೂತ್ರಧಾರರಲ್ಲೊಬ್ಬನಾದ ಶಿವರಾಸನ್ ತನ್ನ ಸಂಗಡಿಗರೊಡನೆ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಅಡಗಿದ್ದು, 1991ರ ಆಗಸ್ಟಿನಲ್ಲಿ ಅಲ್ಲಿಯೇ ಸತ್ತುದು ನಮ್ಮಲ್ಲಿ ಹಿರಿಯರಿಗೆ ನೆನಪಿದೆ. ಬದುಕಿ ಉಳಿದು ವಿಚಾರಣೆಗೆ ನಿಂತ 26 ಮಂದಿಗೂ ವಿಶೇಷ ನ್ಯಾಯಾಲಯವು 1998ರ ಜನವರಿಯಲ್ಲಿ ಮರಣದಂಡನೆಯನ್ನು ವಿಧಿಸಿತು, ಒಬ್ಬರನ್ನೂ ಬಿಡದೆ. 1999ರ ಮೇ 11ರಂದು ಸರ್ವೋಚ್ಚ ನ್ಯಾಯಾಲಯವು ಪ್ರತಿಯೊಬ್ಬನ ಮೇಲಿನ ಸಾಕ್ಷ್ಯವನ್ನೂ ಬೇರೆಬೇರೆಯಾಗಿ ತೂಗಿನೋಡಿ, ನಾಲ್ವರ ಮರಣದಂಡನೆಯನ್ನು ಉಳಿಸಿ, ಮೂವರದನ್ನು ಆಜೀವ ಶಿಕ್ಷೆಗೆ ಇಳಿಸಿ, 19 ಮಂದಿಯನ್ನು ಕೊಲೆಯ ಸಂಚಿನ ಆರೋಪದಿಂದ ಮುಕ್ತಗೊಳಿಸಿತು. ಒಬ್ಬ ಮಾಜಿ ಪ್ರಧಾನಮಂತ್ರಿಯ ಕೊಲೆಯಲ್ಲಿಯೇ ಹೀಗೆ ಹೆಸರುಹೆಸರಾಗಿ ಸಾಕ್ಷ್ಯವನ್ನು ಬಿಡಿಸಿ ನೋಡಬೇಕಾಯಿತೆಂದ ಮೇಲೆ, ಬದುವಿನ ಜಗಳದ ಕೊಲೆಯಲ್ಲಿ “ಇವರೆಲ್ಲರೂ ಕೂಡಿ” ಎಂಬ ಒಂದು ಮಾತಿನಿಂದ ಹತ್ತು ಮಂದಿಯನ್ನು ಕಟ್ಟಿಹಾಕುವುದು ನ್ಯಾಯವೆಂದು ಯಾರೂ ಹೇಳಲಾರರು.

ಜನರು ಸಾಮಾನ್ಯವಾಗಿ ಬಹಳ ಬಲವಾದದ್ದೆಂದು ನಂಬಿರುವ ಪ್ರತಿವಾದವೊಂದು ಇಲ್ಲಿ ಕೆಲಸಕ್ಕೆ ಬಾರದು. “ನಾನು ಆ ದಿನ ಊರಲ್ಲೇ ಇರಲಿಲ್ಲ, ಕಲಬುರಗಿ ಆಸ್ಪತ್ರೆಯಲ್ಲಿದ್ದೆ” ಎಂಬುದು ಹೊಡೆದವನೆಂಬ ಆರೋಪಕ್ಕೆ ಸಂಪೂರ್ಣವಾದ ಉತ್ತರ. ಹೊಡೆಸಿದವನೆಂಬ ಆರೋಪಕ್ಕೆ ಉತ್ತರವೇ ಅಲ್ಲ. ಸುಪಾರಿ ಕೊಟ್ಟವನು ಆ ಹೊತ್ತಿಗೆ ದೂರದಲ್ಲಿರುವುದೇ ಲೋಕರೂಢಿ. ಹಠಾತ್ತಾಗಿ ಕೆರಳಿ ಮಾಡಿದೆನೆಂಬುದೂ ಹಾಗೆಯೇ ನಿಲ್ಲದು, ಏಕೆಂದರೆ ಸಂಚೆಂಬುದು ಪೂರ್ವಯೋಜನೆ. ಪ್ರಾಣಭಯದಿಂದ ಒಪ್ಪಿದೆನೆಂಬ ಸಮಾಧಾನವನ್ನು ಕಾನೂನು ಇತರ ಹಲವು ಅಪರಾಧಗಳಿಗೆ ಅಂಗೀಕರಿಸಿದರೂ ಕೊಲೆಯನ್ನು ಅದರಿಂದ ಹೊರಗಿಟ್ಟಿದೆ. ಒಪ್ಪಿಕೊಂಡು ಆಮೇಲೆ ಮನಸ್ಸು ತಿರುಗಿ ಹಿಂದೆ ಸರಿದವನ ವಿಷಯದಲ್ಲಿ, ಒಪ್ಪಂದ ಆದಾಗಲೇ ಅಪರಾಧವು ಪೂರ್ಣವಾಗಿರುವುದರಿಂದ ಅದು ಅಳಿಸಿಹೋಗುವುದಿಲ್ಲ. ಆದರೂ ಅವನು ಸರಿದನೆಂಬುದು ಸ್ಪಷ್ಟವಾಗಿ ಸಿದ್ಧವಾದರೆ, ಆಮೇಲೆ ನಡೆದುದಕ್ಕೆ ಅವನು ಎಷ್ಟರಮಟ್ಟಿಗೆ ಹೊಣೆ ಎಂಬುದನ್ನು ವಾದಿಸಲು ಎಡೆಯುಂಟು. ಇನ್ನು, ಒಳಸಂಚಿಗೆ ಇಬ್ಬರಾದರೂ ಬೇಕಷ್ಟೆ. ಹೆಸರಿಸಿದ ಉಳಿದವರೆಲ್ಲ ಬಿಡುಗಡೆಯಾಗಿ, ಅಜ್ಞಾತರೊಡನೆ ಸಂಚು ಮಾಡಿದನೆಂಬ ಆರೋಪವೂ ಇಲ್ಲದಲ್ಲಿ, ಉಳಿದ ಒಬ್ಬನನ್ನು ಆ ಅಪರಾಧಕ್ಕೆ ಶಿಕ್ಷಿಸಲಾಗದೆಂದು 1955ರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಟೋಪನದಾಸರ ಪ್ರಕರಣದಲ್ಲಿ ತೀರ್ಮಾನಿಸಿತು.

ಸಂಚಿನ ಪ್ರಕರಣಗಳಲ್ಲಿ ಪೊಲೀಸರಿಗೆ ಅತ್ಯಂತ ಪ್ರಿಯನಾದ ಸಾಕ್ಷಿ ಎಂದರೆ ಮಾಫಿ ಸಾಕ್ಷಿ. ಕ್ಷಮಾದಾನ ಪಡೆದು ತನ್ನ ಸಹಚರರ ವಿರುದ್ಧ ನುಡಿಯುವ ಇವನು, ಬೇರೆ ಯಾರೂ ಕೇಳದ ಮಾತನ್ನು ತಾನು ಕೇಳಿದೆನೆಂದು ಹೇಳಬಲ್ಲ ಒಬ್ಬನೇ ಮನುಷ್ಯ. ತನ್ನ ಕುತ್ತಿಗೆಯನ್ನು ಉಳಿಸಿಕೊಳ್ಳಲು ಇತರರದನ್ನು ಒಪ್ಪಿಸುವವನೂ ಅವನೇ. ಆದ್ದರಿಂದ ಅವನ ಮಾತಿಗೆ ಸ್ವತಂತ್ರವಾದ ಪುಷ್ಟಿಯನ್ನು ನ್ಯಾಯಾಲಯಗಳು ಅಪೇಕ್ಷಿಸುತ್ತ ಬಂದಿವೆ. ಗಾಂಧೀಜಿಯವರ ಹತ್ಯೆಯ ವಿಚಾರಣೆಯಲ್ಲಿ, ಕೆಂಪುಕೋಟೆಯಲ್ಲಿ ಕುಳಿತಿದ್ದ ನ್ಯಾಯಾಧೀಶ ಆತ್ಮಾಚರಣರು, ಮಾಫಿ ಸಾಕ್ಷಿಯಾದ ದಿಗಂಬರ ಬಡ್ಗೆಯ ಮಾತನ್ನು ಒಟ್ಟಿನಲ್ಲಿ ನಂಬಿದರೂ, ಸಾವರಕರರ ಮಟ್ಟಿಗೆ ಅದಕ್ಕೆ ಬೇರೆ ಪುಷ್ಟಿ ಇಲ್ಲವೆಂದು 1949ರ ಫೆಬ್ರವರಿ 10ರ ತೀರ್ಪಿನಲ್ಲಿ ಅವರನ್ನು ಬಿಡುಗಡೆ ಮಾಡಿದರು. ಸಂಚುಗಾರರಲ್ಲಿ ಒಬ್ಬನ ಮಾತನ್ನು ಎಲ್ಲರ ಮೇಲೂ ಬಳಸಬಹುದೆಂಬ ಸಾಕ್ಷ್ಯ ಕಾನೂನಿನ ನಿಯಮಕ್ಕೂ ಮೇರೆಯಿದೆ. ಸಂಚು ಜೀವಂತವಾಗಿರುವಾಗ, ಅದರ ಸಾಧನೆಗಾಗಿ ಆಡಿದ ಮಾತು ಮತ್ತು ಬರೆದ ಪತ್ರಗಳಿಗಷ್ಟೇ ಅದು ಸಲ್ಲುತ್ತದೆ. 1940ರಲ್ಲಿ ಪ್ರಿವಿ ಕೌನ್ಸಿಲ್ಲಿನ ಮುಂದೆ ಹೋದ ಮಿರ್ಜಾ ಅಕಬರನ ಪ್ರಕರಣದಲ್ಲಿ, ಪ್ರಣಯಿಗಳಿಬ್ಬರು ಅವರಲ್ಲಿ ಹೆಂಗಸಿನ ಗಂಡನನ್ನು ಕೊಲ್ಲಿಸಲು ಪರಸ್ಪರ ಬರೆದುಕೊಂಡ ಪತ್ರಗಳು ಸಾಕ್ಷ್ಯವಾದುವು; ದಸ್ತಗಿರಿಯಾದ ಮೇಲೆ ಆ ಹೆಂಗಸು ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟ ಹೇಳಿಕೆಯನ್ನು ಪ್ರಣಯಿಯ ವಿರುದ್ಧ ಬಳಸಗೊಡಲಿಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಮಾನ್ಯವಾಗಿ ಸಾಕ್ಷ್ಯವೇ ಅಲ್ಲವೆಂಬುದನ್ನು ಹಳ್ಳಿಯಲ್ಲಿ ಪ್ರತಿಯೊಬ್ಬನೂ ತಿಳಿದಿರತಕ್ಕದ್ದು. ಮದ್ದು ಚುಚ್ಚಿ ಮಂಪರಿನಲ್ಲಿ ಬಾಯಿಬಿಡಿಸುವ ಪರೀಕ್ಷೆಯನ್ನು ಸಮ್ಮತಿಯಿಲ್ಲದೆ ಮಾಡಕೂಡದೆಂಬ 2010ರ ಮೇ 5ರ ತೀರ್ಪು ಹುಟ್ಟಿದ್ದೂ ನಮ್ಮ ರಾಜ್ಯದಿಂದ ಹೋದ ಸೆಲ್ವಿ ಪ್ರಕರಣದಲ್ಲಿಯೇ.

ಈ ಸಾಧಾರಣ ನಿಯಮಗಳಿಗೆ ಅಪವಾದವನ್ನು ತರುವ ಕಾನೂನೂ ಉಂಟು. ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ ಅಧಿನಿಯಮ, 2000, ಅನ್ವಯಿಸಿದರೆ, ಪೊಲೀಸ್ ಸೂಪರಿಂಟೆಂಡೆಂಟರ ದರ್ಜೆಗೆ ಕಡಮೆಯಿಲ್ಲದ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗುತ್ತದೆ, ಜಾಮೀನು ದುರ್ಲಭವಾಗುತ್ತದೆ. 2017ರ ಸೆಪ್ಟೆಂಬರ್ 5ರಂದು ಹತ್ಯೆಗೀಡಾದ ಪತ್ರಕರ್ತೆ ಗೌರಿ ಲಂಕೇಶರ ಪ್ರಕರಣದಲ್ಲಿ ಈ ಕಾನೂನಿನ ಅನ್ವಯವನ್ನು ಆರೋಪಿಯೊಬ್ಬನ ಮಟ್ಟಿಗೆ ಉಚ್ಚ ನ್ಯಾಯಾಲಯವು ರದ್ದುಪಡಿಸಿತ್ತು; ಸರ್ವೋಚ್ಚ ನ್ಯಾಯಾಲಯವು 2021ರ ಅಕ್ಟೋಬರ್ 21ರಂದು ಅದನ್ನು ಮತ್ತೆ ಸ್ಥಾಪಿಸಿತು.

ಕೊನೆಗೆ, ಯಾವ ಘಟ್ಟದಲ್ಲಿ ಏನು ಮಾಡಬೇಕೆಂಬ ವ್ಯಾವಹಾರಿಕ ಮಾತು. ತೊಂಬತ್ತು ದಿನಗಳೊಳಗೆ ಪೊಲೀಸರು ಆರೋಪಪಟ್ಟಿ ಸಲ್ಲಿಸದಿದ್ದರೆ, ಸೆರೆಯಲ್ಲಿರುವವನಿಗೆ ಜಾಮೀನು ಹಕ್ಕಾಗಿ ಬರುತ್ತದೆ. ಪಟ್ಟಿ ಬರುವ ಮುನ್ನ ಕೇಳಿಕೊಳ್ಳಬೇಕು, ಕೇಳದಿದ್ದರೆ ತಪ್ಪಿಹೋಗುತ್ತದೆ. ಚಿತ್ತಾಪುರ, ಸೇಡಂ, ಚಿಂಚೋಳಿಗಳ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳು ಕೊಲೆಯ ಪ್ರಕರಣವನ್ನು ತಾವೇ ವಿಚಾರಣೆ ಮಾಡದೆ ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸುತ್ತವೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 250ನೆಯ ಕಲಮಿನಂತೆ, ಹಾಗೆ ಒಪ್ಪಿಸಿದ ದಿನದಿಂದ ಅರವತ್ತು ದಿನಗಳೊಳಗೆ, ತನ್ನ ವಿರುದ್ಧ ವಿಚಾರಣೆ ನಡೆಸಲು ಸಾಕಷ್ಟು ಆಧಾರವಿಲ್ಲ, ಬಿಟ್ಟುಬಿಡಬೇಕು ಎಂದು ಆರೋಪಿಯು ಅರ್ಜಿ ಹಾಕಿಕೊಳ್ಳಬಹುದು. ನಮ್ಮ ಕಲ್ಪನೆಯ ಅಳಿಯನೂ ಆಟೋದವನೂ ನಿಲ್ಲಬೇಕಾದ ಜಾಗ ಇದೇ. ಹತ್ತು ವರ್ಷ ತಾರೀಖಿಗೆ ಅಲೆದು ಕಡೆಯ ತೀರ್ಪಿಗೆ ಕಾಯುವುದಲ್ಲ. ಕೊಲೆಯ ಸಂಚಿನ ಆರೋಪದಲ್ಲಿ ಸಿಲುಕಿಸಿದವರ ಮೇಲಿನ ವಿಚಾರಣೆಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು ಆಧಾರವಿಲ್ಲವೆಂದು ರದ್ದು ಮಾಡಿದಾಗ, 1977ರಲ್ಲಿ ಮುನಿಸ್ವಾಮಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಒಪ್ಪಿ, ನ್ಯಾಯಾಲಯದ ನಡವಳಿ ಪೀಡನೆಯ ಆಯುಧವಾಗಲು ಬಿಡಕೂಡದೆಂದಿತು. ಕೆಳಗೆ ಅರ್ಜಿ ತಿರಸ್ಕೃತವಾದರೆ ಹೋಗಬೇಕಾದ ಉಚ್ಚ ನ್ಯಾಯಾಲಯದ ಪೀಠ, 2008ರಲ್ಲಿ ಸಂಚಾರಿಯಾಗಿ ಬಂದು 2013ರಿಂದ ಸ್ಥಿರವಾಗಿ, ಕಲಬುರಗಿಯಲ್ಲಿಯೇ ಇದೆ. ವಕೀಲನಿಗೆ ಕೊಡಲು ಹಣವಿಲ್ಲದ ಆರೋಪಿಗೆ ಸರಕಾರದ ವೆಚ್ಚದಲ್ಲಿ ವಕೀಲನನ್ನು ಒದಗಿಸತಕ್ಕ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವೂ ಅದೇ ಊರಿನಲ್ಲಿದೆ, ಮತ್ತು ಅಲ್ಲಿಗೆ ಹೋಗಬೇಕಾದದ್ದು ಆ ಅರವತ್ತು ದಿನಗಳು ಕಳೆಯುವುದರೊಳಗೆ.